ಅಡಿಕೆ ಹೋಳಿನಷ್ಟು ಗಂಟು, ಜೀರಿಗೆಯಷ್ಟು ಸುಣ್ಣ

ಶಿವಮೊಗ್ಗದಲ್ಲಿ ಔಷಧ ಅಂಗಡಿ ಇಟ್ಟುಕೊಂಡವನಿಗೆ ಗಿರಾಕಿ ಯಾವ ಕಡೆಯವರೆಂಬುದು ಅವರ ಗಂಟು, ಗುಳ್ಳೆ, ಬಾವುಗಳಿಂದಲೇ ಗೊತ್ತಾಗಿಬಿಡುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಬಸ್ಸಿಳಿದು ಬಂದವರು ಕಂಕುಳಲ್ಲಿ ಎದ್ದ ಗಂಟನ್ನು "ಅಡಿಕೆ ಹೋಳಿನಷ್ಟಿದೆ" ಎನ್ನುತ್ತಾರೆ. ತುಸು ದೊಡ್ಡದಾದರೆ ಇಡೀ ಅಡಿಕೆ, ಇನ್ನೂ ದೊಡ್ಡದಾದರೆ ಸಿಪ್ಪೆ ಸುಲಿಯದ ಗೋಟು. ಶಿಕಾರಿಪುರ, ಹೊನ್ನಾಳಿ ಕಡೆಯವರ ಲೆಕ್ಕ ಮೆಕ್ಕೆಜೋಳದ ಕಾಳಿನಿಂದ ಶುರುವಾಗುತ್ತದೆ. ಪೇಟೆಯಲ್ಲೇ ಹುಟ್ಟಿ ಬೆಳೆದ ಹುಡುಗರು ಏನನ್ನೂ ಹೇಳುವುದಿಲ್ಲ. ಮೊಬೈಲ್ ತೆಗೆದು ಫೋಟೊ ತೋರಿಸುತ್ತಾರೆ. ಫೋಟೊದಲ್ಲಿ ಪರದೆ ತುಂಬ ಗುಳ್ಳೆಯೇ ಇರುತ್ತದೆ, ಪಕ್ಕದಲ್ಲಿ ಒಂದು ನಾಣ್ಯವನ್ನೂ ಇಟ್ಟಿರುವುದಿಲ್ಲ. "ಕಡಲೆಯಷ್ಟೋ ನೆಲ್ಲಿಕಾಯಿಯಷ್ಟೋ?" ಎಂದು ನಾನೇ ಕೇಳಬೇಕಾಗುತ್ತದೆ.

ಸ್ಕ್ಯಾನಿಂಗ್ ವರದಿ ಹಿಡಿದು ಬಂದವರದು ಬೇರೆಯೇ ಕಥೆ. ಮೂತ್ರಪಿಂಡದಲ್ಲಿ 5 ಮಿಲಿಮೀಟರಿನ ಕಲ್ಲು ಎಂದು ಅಚ್ಚಾಗಿರುತ್ತದೆ. ಓದುಬರಹ ಬಲ್ಲವರೇ, ಪದವೀಧರರೇ. ಆದರೂ ಔಷಧ ಕಟ್ಟಿಸಿಕೊಂಡು ದುಡ್ಡು ಕೊಟ್ಟ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಐದು ಮಿಲಿಮೀಟರ್ ಎಂದರೆ ಎಷ್ಟು ದೊಡ್ಡದು ಮಾರಾಯರೇ?" ಒಂದು ತೊಗರಿಬೇಳೆಯಷ್ಟು ಎನ್ನುತ್ತೇನೆ. ಕೆಲವರಿಗೆ ಅಲ್ಲಿಗೆ ಸಮಾಧಾನ. ಇನ್ನು ಕೆಲವರಿಗೆ ಆ ಬೇಳೆ ಇಳಿದು ಬರಬೇಕಾದ ದಾರಿ ನೆನಪಾಗಿ ಬೆವರು.

ಇಂಥ ಅಳತೆಗಳನ್ನು "ಬರೀ ಅಂದಾಜು" ಎಂದು ಪಕ್ಕಕ್ಕೆ ಸರಿಸುವವರ ಮೇಲೆ ನನಗೆ ತಕರಾರಿದೆ. ಅಂದಾಜು ಹೌದು. ಆದರೆ ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬುದನ್ನೂ ಅದೇ ಮಾತು ಸೇರಿಸಿ ಹೇಳುತ್ತದೆ. ಗ್ರಾಮಿಗೂ ಮಿಲಿಮೀಟರಿಗೂ ಆ ಸೌಜನ್ಯವಿಲ್ಲ.

ಸಾರಿನ ಹುಣಸೆಹಣ್ಣನ್ನೇ ನೋಡಿ. ನಿಂಬೆಹಣ್ಣಿನ ಗಾತ್ರದ್ದು ಎಂದು ನಮ್ಮ ಅಮ್ಮಂದಿರು ಹೇಳುತ್ತಿದ್ದರು. ಈಗಿನ ಅಡುಗೆ ವಿಡಿಯೊಗಳಲ್ಲಿ 20 ಗ್ರಾಂ ಎನ್ನುತ್ತಾರೆ. ಯಾವ ಹುಣಸೆಹಣ್ಣು? ಹೊಸದೋ, ಹೋದ ವರ್ಷ ಉಪ್ಪು ಹಾಕಿ ಭರಣಿಯಲ್ಲಿ ತುಂಬಿಟ್ಟು ಕಪ್ಪಾದದ್ದೋ? ಬೀಜ, ನಾರು ತೆಗೆದದ್ದೋ ಇಲ್ಲವೋ? ಒಂದರ ಹುಳಿ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ 20 ಗ್ರಾಂ ಎಂಬ ಅಂಕಿ ನಿಖರತೆಯ ವೇಷ ಹಾಕಿಕೊಂಡು ಬರುತ್ತದೆ, ಅಷ್ಟೆ. ನಿಂಬೆಹಣ್ಣಿಗೆ ಆ ವೇಷವಿಲ್ಲ. ನಿಂಬೆಹಣ್ಣಿನಲ್ಲೂ ದೊಡ್ಡದು ಚಿಕ್ಕದು ಇವೆ ಎಂದು ಯಾವ ಸೊಸೆಯೂ ಅತ್ತೆಯನ್ನು ಕೇಳಿದ್ದಿಲ್ಲ. ನೆನೆಸಿ, ಕಿವುಚಿ, ರಸ ಹಾಕಿ, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡುವುದು ಹೇಗೂ ಇದ್ದೇ ಇದೆ. ಆ ಅಳತೆ ಎಲ್ಲಿಂದ ಶುರು ಮಾಡಬೇಕೆಂದು ಹೇಳುತ್ತದೆ; ಮುಗಿಸುವುದು ನಾಲಿಗೆ.

ಅದೇ ಅಡುಗೆಮನೆಯಲ್ಲಿ ಇಂಗು ಮಾತ್ರ ಉದ್ದಿನ ಕಾಳಿನಷ್ಟು. ಒಂದೆಲಗದ ತಂಬುಳಿಗೆ ಹಿಡಿ ಎಲೆ, ಚಿಟಿಕೆ ಜೀರಿಗೆ, ನಾಲ್ಕು ಕಾಳುಮೆಣಸು. ಎಲೆಯನ್ನು ಹಿಡಿಯಲ್ಲಿ ಹೇಳಿದ ಬಾಯಿಯೇ ಮೆಣಸನ್ನು ಎಣಿಸಿ ಹೇಳುತ್ತದೆ. ಎಲೆ ಹತ್ತು ಹೆಚ್ಚಾದರೆ ತಂಬುಳಿ ಇನ್ನಷ್ಟು ಹಸಿರಾಗುತ್ತದೆ, ಅಷ್ಟೇ. ಮೆಣಸು ಹತ್ತು ಹೆಚ್ಚಾದರೆ ಮಕ್ಕಳು ಊಟದೆಲೆಯಿಂದ ಎದ್ದು ಹೋಗುತ್ತಾರೆ. ಒಂದೇ ವಾಕ್ಯದಲ್ಲಿ ಮೂರು ಬಗೆಯ ಎಚ್ಚರಿಕೆ ಇದೆ. ಇದನ್ನು "12 ಗ್ರಾಂ, 1 ಗ್ರಾಂ, 0.2 ಗ್ರಾಂ" ಎಂದು ಬರೆದರೆ ಎಲ್ಲಿ ಕೈ ಸಡಿಲ ಬಿಡಬಹುದು, ಎಲ್ಲಿ ಬಿಗಿ ಹಿಡಿಯಬೇಕು ಎಂಬುದು ಹೊಸಬರಿಗೆ ತಿಳಿಯುವ ಬಗೆ ಹೇಗೆ?

ನಮ್ಮ ದೊಡ್ಡಪ್ಪ ಕವಳ ಹಾಕುವುದನ್ನು ನೋಡುತ್ತ ಬೆಳೆದವನು ನಾನು. ವೀಳ್ಯದೆಲೆಯನ್ನು ಮೊಣಕಾಲಿನ ಮೇಲಿನ ಪಂಚೆಗೆ ಎರಡೂ ಕಡೆ ಒರೆಸಿ, ತೊಟ್ಟು ಮುರಿದು, ತುದಿ ಚಿವುಟಿ, ಬೆನ್ನು ಮೇಲೆ ಮಾಡಿ ಹಿಡಿಯುತ್ತಿದ್ದರು. ಸುಣ್ಣದ ಡಬ್ಬಿಯೊಳಗೆ ತೋರುಬೆರಳು ಹೋಗಿ ಬರುವಾಗ ಉಗುರಿನ ತುದಿಯಲ್ಲಿ ಜೀರಿಗೆಯಷ್ಟು ಸುಣ್ಣ. ಅದನ್ನು ಎಲೆಯ ನಡುನರದಿಂದ ಅಂಚಿನ ಕಡೆಗೆ ಎಳೆಯುತ್ತಿದ್ದರು. ಎಲೆ ಚಿಕ್ಕದಿದ್ದರೆ ಬೆರಳಿನಲ್ಲಿ ಇನ್ನೂ ತುಸು ಉಳಿಯುತ್ತಿತ್ತು. ಉಳಿದದ್ದು ಹೋಗುತ್ತಿದ್ದುದು ಪಕ್ಕದ ಚಾವಡಿ ಕಂಬಕ್ಕೆ. ದಶಕಗಳ ಹೆಚ್ಚುವರಿ ಸುಣ್ಣ ಅಲ್ಲಿ ಗೆರೆಗೆರೆಯಾಗಿ ಮೆತ್ತಿಕೊಂಡಿತ್ತು. ಅವರ ಅಳತೆಯ ಖರ್ಚುವೆಚ್ಚದ ಪುಸ್ತಕ ಆ ಕಂಬ. ದೀಪಾವಳಿಗೆ ಮುಂಚೆ ದೊಡ್ಡಮ್ಮ ಅದನ್ನು ಕತ್ತಿಯಿಂದ ಕೆರೆದು ಬಯ್ಯುತ್ತಿದ್ದರು. ಸುಣ್ಣ ಹೆಚ್ಚಾದರೆ ನಾಲಿಗೆ ಬೇಯುತ್ತದೆ, ಕಡಿಮೆಯಾದರೆ ಬಾಯಿ ಕೆಂಪಾಗುವುದಿಲ್ಲ. ಅಳತೆ ಎಲೆಗೆ ತಕ್ಕಂತೆ ಬದಲಾಗಬೇಕು, ಎಲೆ ಪ್ರತಿ ಸಲವೂ ಬೇರೆ. ಇದಕ್ಕೆ ತಕ್ಕಡಿ ತಂದು ಏನು ಮಾಡುತ್ತೀರಿ? (ಅಡಿಕೆ ಜಗಿಯುವುದರ ಬಗ್ಗೆ ವೈದ್ಯಶಾಸ್ತ್ರದ ತಕರಾರು ನನಗೆ ಗೊತ್ತಿದೆ, ಮತ್ತು ಅದು ಸುಳ್ಳಲ್ಲ. ಅದನ್ನು ಮಲೆನಾಡಿನಲ್ಲಿ ಕುಳಿತು ಬರೆಯಲು ಬೇರೆಯೇ ಧೈರ್ಯ ಬೇಕು, ಇನ್ನೊಮ್ಮೆ ನೋಡೋಣ.)

ಹೆಚ್ಚುಕಡಿಮೆಯನ್ನು ಯಾರೂ ಒಪ್ಪದ ಜಾಗ ಚಿನ್ನದ ಅಂಗಡಿ. ಅಲ್ಲಿಯೂ ಕಾಲಾಂತರದಿಂದ ತೂಕದ ಬಟ್ಟಾಗಿ ಕೂತದ್ದು ಒಂದು ಬೀಜವೇ. ಗುಲಗಂಜಿ, ಅಂದರೆ ಬೇಲಿಯ ಮೇಲೆ ಹಬ್ಬಿದ ಬಳ್ಳಿಯ ಒಡೆದ ಕಾಯಿಯಲ್ಲಿ ಕಾಣುವ, ಕಪ್ಪು ಬೊಟ್ಟಿನ ಕೆಂಪು ಬೀಜ. ಎಂಟು ಗುಲಗಂಜಿಗೆ ಒಂದು ಮಾಷ, ಹನ್ನೆರಡು ಮಾಷಕ್ಕೆ ಒಂದು ತೊಲ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತೊಲವನ್ನು 180 ಗ್ರೇನ್ ಎಂದು ಗೊತ್ತು ಮಾಡಿತು. ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಅದನ್ನು 96ರಿಂದ ಭಾಗಿಸಿದರೆ ಒಂದು ಗುಲಗಂಜಿಗೆ ಸುಮಾರು 121 ಮಿಲಿಗ್ರಾಂ ಬರುತ್ತದೆ. ಬೇಲಿಯಿಂದ ಒಂದು ಬೊಗಸೆ ಬೀಜ ತಂದು ತೂಗಿದರೆ ಎಲ್ಲವೂ ಆ ತೂಕಕ್ಕೆ ಕೂರುವುದಿಲ್ಲ. ಬೀಜ ಬಳ್ಳಿಯಲ್ಲಿ ಬೆಳೆದದ್ದು, ಕಂಪನಿಯ ಆಜ್ಞೆ ಓದಿಕೊಂಡು ಬೆಳೆದದ್ದಲ್ಲ.

ಹಾಗಿದ್ದ ಮೇಲೆ ಅಕ್ಕಸಾಲಿಗರು ಅದನ್ನು ನಂಬಿದ್ದು ಹೇಗೆ? ಉತ್ತರದ ಒಂದು ತುಣುಕು ಮೆಡಿಟರೇನಿಯನ್ ಕಡೆಯ ಇನ್ನೊಂದು ಬೀಜದಿಂದ ಸಿಕ್ಕಿದೆ. ವಜ್ರದ ತೂಕದ ಕ್ಯಾರೆಟ್ ಹುಟ್ಟಿದ್ದು ಕ್ಯಾರೊಬ್ ಎಂಬ ಮರದ ಬೀಜದಿಂದ. 1907ರಲ್ಲಿ ಅದನ್ನು 200 ಮಿಲಿಗ್ರಾಂ ಎಂದು ಸ್ಥಿರಗೊಳಿಸಿದರು. ಆ ಬೀಜಗಳೆಲ್ಲ ಒಂದೇ ತೂಕದವು, ಅದಕ್ಕೇ ಅವನ್ನು ಆರಿಸಿಕೊಂಡರು ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೂಗಿ ನೋಡಿದಾಗ ಕ್ಯಾರೊಬ್ ಬೀಜಗಳೂ ಬೇರೆ ಬೀಜಗಳಷ್ಟೇ ಏರುಪೇರು ಎಂದು ಕಂಡುಬಂತು. ಆದರೆ ಮನುಷ್ಯರ ಕೈಗೆ ರಾಶಿ ಕೊಟ್ಟು ಒಂದೇ ಗಾತ್ರದವನ್ನು ಹೆಕ್ಕಿ ಎಂದಾಗ ಕಣ್ಣಂದಾಜಿನಲ್ಲೇ ಏರುಪೇರು ಬಹಳ ಮಟ್ಟಿಗೆ ಇಳಿಯಿತು. ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಅಡಿಕೆ ಮಂಡಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತರೆ ಸಾಕು, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ದರ್ಜೆಗಳನ್ನು ಬೇರೆ ಮಾಡುವ ಕೈಗಳು ಬೀಜದ ರಾಶಿಯೊಂದಿಗೆ ಏನು ಮಾಡಬಲ್ಲವು ಎಂದು ತಿಳಿಯುತ್ತದೆ. ಅಂದಹಾಗೆ ಗುಲಗಂಜಿಯ ತಿರುಳು ವಿಷ. ಮಣಿಯ ಹಾಗೆ ಚಂದವಿದೆ ಎಂದು ಮಕ್ಕಳ ಕೈಗೆ ಕೊಡಬೇಡಿ. ಅಗಿದು ನುಂಗಿದರೆ ಒಂದೆರಡು ಬೀಜವೂ ಅಪಾಯ.

ಇನ್ನೂ ಹಿಂದೆ ಹೋದರೆ ಕಾಳುಗಳಿಗಿಂತ ತಮಾಷೆಯ ಅಳತೆಗೋಲುಗಳಿವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟು ಸೀರು ಸೇರಿದರೆ ಒಂದು ಹೇನು, ಎಂಟು ಹೇನು ಸೇರಿದರೆ ಜವೆಗೋಧಿಯ ಒಂದು ಕಾಳಿನ ನಡುಭಾಗ, ಅಂಥ ಎಂಟಕ್ಕೆ ಒಂದು ಅಂಗುಲ. ಹೇನಿನ ಶಾಂಪೂ ಮಾರುವ ನನಗೆ, ಒಂದು ಕಾಲದಲ್ಲಿ ಹೇನು ಇಷ್ಟು ಮರ್ಯಾದೆಯಲ್ಲಿ ಬಾಳಿತ್ತು ಎಂದು ಓದಿ ಸಂತೋಷವಾಯಿತು. ಇಂಗ್ಲೆಂಡಿನವರ ಇಂಚು ಕೂಡ ಮೂರು ಜವೆಕಾಳುಗಳನ್ನು ಉದ್ದಕ್ಕೆ ಜೋಡಿಸಿದಷ್ಟೇ ಎಂದು ಹಳೆಯ ಲೆಕ್ಕ. ಅದು ಇನ್ನೂ ಸತ್ತಿಲ್ಲ. ಚಪ್ಪಲಿ ಅಂಗಡಿಯಲ್ಲಿ ಏಳನೆಯ ನಂಬರು ಬಿಗಿಯಾಯಿತೆಂದು ಎಂಟನೆಯದು ಕೇಳುತ್ತೀರಲ್ಲ, ಬ್ರಿಟಿಷ್ ಲೆಕ್ಕದ ಆ ಒಂದು ನಂಬರಿನ ಅಂತರ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಒಂದು ಜವೆಕಾಳಿನ ಉದ್ದ.

ಸರ್ಕಾರದ ತೂಕ ಮತ್ತು ಅಳತೆಯ ಕಾಯ್ದೆ 1956ರಲ್ಲಿ ಬಂತು, 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕ ಹಂತಹಂತವಾಗಿ ಜಾರಿಯಾಯಿತು. ಬರಬೇಕಾದದ್ದೇ. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದದಿದ್ದಾಗ ಮೋಸ ಹೋಗುತ್ತಿದ್ದವನು ಗದ್ದೆಯಿಂದ ಭತ್ತ ಹೊತ್ತು ತಂದವನೇ. ಆಗುಂಬೆ, ಹುಲಿಕಲ್ ಕಡೆಯವರು ಮಳೆಯನ್ನು ಇಂದಿಗೂ ಇಂಚಿನಲ್ಲಿ ಹೇಳುತ್ತಾರೆ. ಅದರಿಂದ ಯಾರಿಗೂ ನಷ್ಟವಿಲ್ಲ, ಮಳೆಯನ್ನು ಯಾರೂ ಮಾರುವುದಿಲ್ಲ.

ಆದರೆ ಕಿಲೋ, ಲೀಟರು ಒಪ್ಪಿಕೊಂಡ ಮೇಲೂ ಕಡೆಯ ಮಾತನ್ನು ಬೇರೆಯದೇ ವಸ್ತು ಹೇಳುವ ಸಂದರ್ಭಗಳಿವೆ. ಮುಂಗಾರಿಗೆ ಮೊದಲು ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದನ್ನು ನೋಡಿ. ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸೋಸಿ, ಕೂಡಿಸಿ ಕಲಕುತ್ತಾರೆ. ಲೆಕ್ಕ ಪಕ್ಕಾ. ಆದರೂ ಮನೆಯ ಯಜಮಾನ ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಒಂದು ನಿಮಿಷ ಅದ್ದಿ ಎತ್ತುತ್ತಾನೆ. ಅಲಗಿನ ಮೇಲೆ ಕಂದುಗೆಂಪು ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಹಾಗೇ ಸಿಂಪಡಿಸಿದರೆ ಎಳೆಯ ಕಾಯಿ ಸುಡುತ್ತದೆ. ಸುಣ್ಣ 1 ಕಿಲೋ ಇದ್ದದ್ದು ನಿಜವೇ, ಆದರೆ ಮೂಟೆಯಲ್ಲಿ ಗಾಳಿ, ತೇವ ಕುಡಿದು ಅದರ ಕಸುವು ಹೋಗಿರುತ್ತದೆ. ತಕ್ಕಡಿಗೆ ಅದು ಗೊತ್ತಾಗುವುದಿಲ್ಲ, ಕತ್ತಿಗೆ ಗೊತ್ತಾಗುತ್ತದೆ. ಇನ್ನಷ್ಟು ಸುಣ್ಣದ ತಿಳಿ ಸುರಿದು, ಮತ್ತೆ ಕತ್ತಿ ಅದ್ದಿ, ಅಲಗು ಬೆಳ್ಳಗೆ ಬಂದ ಮೇಲೆ ಅಡಿಕೆಗೊನೆಗೆ ಹೊಡೆಯಲು ಮರ ಹತ್ತುವವನಿಗೆ ಸನ್ನೆ.

ನನ್ನ ಕಸುಬಿನಲ್ಲಿ ಈ ಉದಾರತೆ ನಡೆಯುವುದಿಲ್ಲ ಎಂದು ನೀವು ಅಂದುಕೊಳ್ಳಬಹುದು. ಅರ್ಧ ನಿಜ. ಮಗುವಿನ ಜ್ವರದ ಸಿರಪ್ಪನ್ನು "ಒಂದು ಚಮಚ" ಎಂದು ಹೇಳುವವರನ್ನು ನಾನು ಅಲ್ಲೇ ತಡೆಯುತ್ತೇನೆ. ಯಾವ ಚಮಚ, ಚಹಾದ್ದೋ, ಪಾಯಸದ್ದೋ, ಉಪ್ಪಿನಕಾಯಿ ಭರಣಿಯದ್ದೋ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2015ರಲ್ಲಿ ಚಮಚದ ಮಾತು ಬಿಡಿ, ಮಿಲಿಲೀಟರಿನಲ್ಲೇ ಬರೆಯಿರಿ ಎಂದು ಹೇಳಿತು. ಬಾಟಲಿಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳವನ್ನು ಕಸದ ಬುಟ್ಟಿಗೆ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನರ್ಧಕ್ಕೆ ವೈದ್ಯಶಾಸ್ತ್ರವೇ ಬೆರಳು, ಕಾಳುಗಳಿಗೆ ಶರಣಾಗಿದೆ. ಚರ್ಮಕ್ಕೆ ಹಚ್ಚುವ ಮುಲಾಮಿಗೆ ಬೆರಳತುದಿಯ ಅಳತೆ ಎಂದೇ ಒಂದು ಕ್ರಮವಿದೆ; ಅದನ್ನು ಇಬ್ಬರು ವೈದ್ಯರು 1991ರಲ್ಲಿ ಅಳೆದು ಪ್ರಕಟಿಸಿದರು. ತೋರುಬೆರಳಿನ ಮೊದಲ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳು ಸೇರಿದ ಎರಡು ಅಂಗೈಗಳಷ್ಟು ಜಾಗಕ್ಕೆ ಅದು ಸಾಕು. ಸುಟ್ಟಗಾಯ ಎಷ್ಟು ಹರಡಿದೆ ಎಂದು ಲೆಕ್ಕ ಹಾಕಲು ರೋಗಿಯದೇ ಅಂಗೈ, ಬೆರಳುಗಳೂ ಸೇರಿ, ಮೈಯ ಶೇಕಡಾ ಒಂದು ಎಂದು ಹಿಡಿಯುತ್ತಾರೆ. ಮಕ್ಕಳ ಟೂತ್‌ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಬಳುಕುವ ಪೇಸ್ಟು ಮಾರಾಟದ ಅಳತೆ, ಹಲ್ಲಿನದಲ್ಲ.

ಚಿಟಿಕೆಯ ಬಗ್ಗೆ ನನ್ನ ಗೌರವ ಹೆಚ್ಚಿಸಿದ್ದು ಬಾಂಗ್ಲಾದೇಶದ ಕೆಲಸ. ಅಲ್ಲಿನ ಬ್ರ್ಯಾಕ್ ಸಂಸ್ಥೆ 1980ರಿಂದ 1990ರವರೆಗೆ ಮನೆಮನೆಗೆ ಹೆಣ್ಣುಮಕ್ಕಳನ್ನು ಕಳಿಸಿ ವಾಂತಿಭೇದಿಗೆ ಉಪ್ಪುಬೆಲ್ಲದ ನೀರು ಮಾಡುವುದನ್ನು ಕಲಿಸಿತು. ಮುಟ್ಟಿದ ಮನೆಗಳು 1.2 ಕೋಟಿಗೂ ಹೆಚ್ಚು. ಅಳತೆ ಇಷ್ಟೇ: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಉಪ್ಪು ಹೆಚ್ಚಾದರೆ ಮಗುವಿಗೆ ಕೇಡು. ಹಾಗಾಗಿ ಚಿಟಿಕೆ ಎಂದರೆ ಯಾವ ಬೆರಳುಗಳು, ಯಾವ ಗೆರೆಯವರೆಗೆ ಎಂಬುದನ್ನು ತಾಯಿಯ ಕೈ ಹಿಡಿದು ತೋರಿಸಿದರು, ಆಕೆ ಮಾಡಿದ ನೀರಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಕಲಿಸಿದವರ ಸಂಬಳ ತಾಯಂದಿರು ಎಷ್ಟು ನೆನಪಿಟ್ಟುಕೊಂಡರು ಎಂಬುದರ ಮೇಲೆ ನಿಂತಿತ್ತು. ಚಿಟಿಕೆಯನ್ನು ಅಂದಾಜು ಎಂದು ಬಿಟ್ಟುಬಿಡದೆ ಇಷ್ಟು ಹಟದಿಂದ ಪಳಗಿಸಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ವಸ್ತು ತಪ್ಪಿದರೆ ಮಾತ್ರ ಎಲ್ಲ ಕೆಡುತ್ತದೆ. ಬಸುರಿಯರ ಮೊಬೈಲ್ ಆ್ಯಪುಗಳು ಏಳನೆಯ ವಾರದಲ್ಲಿ ನಿಮ್ಮ ಮಗು ಬ್ಲೂಬೆರಿಯಷ್ಟಿದೆ ಎನ್ನುತ್ತವೆ. ಹೊಸನಗರದ ಹೆಣ್ಣುಮಗಳು ಬ್ಲೂಬೆರಿಯನ್ನು ಎಲ್ಲಿ ಕಂಡಾಳು? ಕವಳಿಹಣ್ಣಿನಷ್ಟು ಎಂದರೆ ಗಾತ್ರದ ಜೊತೆ ಬಣ್ಣವೂ ಹೊಂದುತ್ತಿತ್ತು. ಇದು ನಗುವ ಮಾತು. ನಗಲಾಗದ್ದು ಮಂಗನ ಕಾಯಿಲೆಯ ವಿಷಯ. ಆ ವೈರಸ್ಸು ಮೊದಲು ಗುರುತಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು. ಉಣುಗು ಎಂದ ಕೂಡಲೇ ನಮ್ಮವರ ಮನಸ್ಸಿಗೆ ಬರುವುದು ದನದ ಕಿವಿಯಲ್ಲಿ ರಕ್ತ ಕುಡಿದು ಹರಳುಬೀಜದಷ್ಟು ಊದಿದ್ದು. ಕಾಡಿನಲ್ಲಿ ದರಗು ಗುಡಿಸುವವರಿಗೆ, ಸೌದೆಗೆ ಹೋದವರಿಗೆ ಹೆಚ್ಚಾಗಿ ಹತ್ತುವುದು ಸಾಸಿವೆ ಕಾಳಿನಷ್ಟು ಚಿಕ್ಕ ಮರಿ ಉಣುಗು. ಹರಳುಬೀಜವನ್ನು ಹುಡುಕುವ ಕಣ್ಣಿಗೆ ಸಾಸಿವೆ ಕಾಣುವುದಿಲ್ಲ. "ಉಣುಗು ಕಚ್ಚಿಯೇ ಇಲ್ಲ" ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಕೊಡುವಾಗ ಅದರ ಜೊತೆ ನಾಲ್ಕು ಸಾಸಿವೆ ಕಾಳನ್ನೂ ಅಂಗೈಗೆ ಹಾಕಿ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇತ್ತೀಚೆಗೆ ಅಜ್ಜಿಯೊಬ್ಬರು ಸೊಸೆಯನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದರು. ಎಳೆಮಗುವಿಗೆ ಹೊಟ್ಟೆನೋವು. ಅಜ್ಜಿಯ ಕ್ರಮ ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ಬಜೆ ಒಂದು ಸುತ್ತು, ಜಾಯಿಕಾಯಿ ಅರ್ಧ ಸುತ್ತು ತೇಯ್ದು ನೆಕ್ಕಿಸುವುದು. ಸೊಸೆಗೆ ಮಕ್ಕಳ ವೈದ್ಯರು ಬೇಡವೆಂದಿದ್ದಾರೆ. ತೀರ್ಪು ನಾನು ಕೊಡಬೇಕಂತೆ. ಅರ್ಧ ಸುತ್ತು ಎಂದರೆ ಕೈಯ ಒತ್ತಡ, ಕಲ್ಲಿನ ತರಿ, ಕಾಯಿಯ ಹಳತು ಹೊಸತು, ಎಲ್ಲದರ ಮೇಲೆ ಹೋಗುತ್ತದೆ. ಜಾಯಿಕಾಯಿ ಹೆಚ್ಚಾದರೆ ಎಳೆಮಗುವಿಗೆ ಮಂಪರು, ಅದು ಒಳ್ಳೆಯದಲ್ಲ, ವೈದ್ಯರು ಹೇಳಿದ್ದೇ ಸರಿ ಎಂದೆ. ಅಜ್ಜಿ ಗಾಜಿನ ಕಪಾಟಿನ ಕಡೆ ಬೆರಳು ಮಾಡಿದರು.

"ಹಾಗಾದರೆ ಆ ಗ್ರೈಪ್ ವಾಟರಿನಲ್ಲಿ ಏನಿದೆ ಮಾರಾಯ?"

ಕನ್ನಡಕ ಹಾಕಿಕೊಂಡು ಬಾಟಲಿಯ ಚೀಟಿ ಓದಿದೆ. ಸಬ್ಬಸಿಗೆ ಎಣ್ಣೆ, ಸೋಡಾ. ಪ್ರತಿ 5 ಮಿಲಿಲೀಟರಿಗೆ ಸೋಡಾ 50 ಮಿಲಿಗ್ರಾಂ.

"ಅದು ಎಷ್ಟಾಯಿತು?"

ಒಂದು ಅಕ್ಕಿಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ. "ಎರಡೂವರೆ ಅಕ್ಕಿಕಾಳಿನ ತೂಕ, ಅಜ್ಜಿ" ಎಂದೆ.

ಅಜ್ಜಿ ಬಾಟಲಿಯನ್ನು ತಿರುಗಿಸಿ ಬೆಲೆ ನೋಡಿದರು, ಸೊಸೆಯ ಮುಖ ನೋಡಿದರು. "ಎರಡೂವರೆ ಅಕ್ಕಿಕಾಳು ಸೋಡಾಕ್ಕೆ ಇಷ್ಟು ದುಡ್ಡೇ? ಇದೂ ಬೇಡ, ಅದೂ ಬೇಡ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟು, ತೇಗಲಿ" ಎಂದು ಬಾಟಲಿಯನ್ನು ನನ್ನ ಕಡೆಗೇ ಸರಿಸಿದರು.